ವ್ಯಾಪಾರ ಮತ್ತು ಮಾಹಿತಿ ವ್ಯವಸ್ಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಾಣಿಜ್ಯ ವಿದ್ಯಾರ್ಥಿಗಳು, ಅಂಗಡಿ ನಡೆಸುವವರು ಮತ್ತು ಸಹಕಾರ ಸಂಘಗಳ ಕಾರ್ಯದರ್ಶಿಗಳು ಮಾತುಕತೆಯಲ್ಲಿ, ಪತ್ರಗಳಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಮೊದಲ ಭಾಗ ಹೊಸಬರಿಗೆ. ಕೊನೆಯ ಭಾಗ ಈಗಾಗಲೇ ಒಂದು ವ್ಯವಸ್ಥೆಯನ್ನು ಹಾಕಿಸಿಕೊಂಡು ಅದರೊಂದಿಗೆ ಏಗುತ್ತಿರುವವರಿಗೆ.

## ಆರಂಭದ ಪ್ರಶ್ನೆಗಳು

ಮಾಹಿತಿ ವ್ಯವಸ್ಥೆ ಅಂದರೆ ಕಂಪ್ಯೂಟರ್, ಸಾಫ್ಟ್‌ವೇರ್ ತಾನೇ? ಅದರಲ್ಲಿ ಬೇರೆ ಏನಿದೆ?

ಕಂಪ್ಯೂಟರ್ ಮತ್ತು ಸಾಫ್ಟ್‌ವೇರ್ ಅದರ ಎರಡು ಭಾಗಗಳು ಮಾತ್ರ. ದಾಖಲಾಗುವ ಅಂಕಿಅಂಶ, ಕೆಲಸ ನಡೆಯುವ ಕ್ರಮ, ಆ ಕೆಲಸ ಮಾಡುವ ಜನ ಮತ್ತು ಇವರನ್ನು ಬೆಸೆಯುವ ಸಂಪರ್ಕ ಜಾಲ ಸೇರಿದಾಗಲೇ ಮಾಹಿತಿ ವ್ಯವಸ್ಥೆ ಪೂರ್ಣವಾಗುತ್ತದೆ. ಪಠ್ಯಪುಸ್ತಕಗಳು ಇದನ್ನು ಚೌಕಗಳ ಚಿತ್ರ ಬರೆದು ತೋರಿಸುತ್ತವೆ. ನಾನು ಕೇಳಿದವರನ್ನು ಹಳ್ಳಿಯ ಹಾಲಿನ ಡೈರಿಗೆ ಕರೆದುಕೊಂಡು ಹೋಗುತ್ತೇನೆ.

ಬೆಳಗಿನ ಆರೂವರೆಗೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತ ಹೆಣ್ಣುಮಗಳೊಬ್ಬಳು ತನ್ನ ಸದಸ್ಯ ಸಂಖ್ಯೆ ಹೇಳುತ್ತಾಳೆ. ಹಾಲು ತೂಕದ ಪಾತ್ರೆಗೆ ಬೀಳುತ್ತದೆ, ಅದರಿಂದ ತೆಗೆದ ಮಾದರಿ ಪರೀಕ್ಷಾ ಯಂತ್ರದ ಕೊಳವೆಗೆ ಹೋಗುತ್ತದೆ, ಪರದೆಯ ಮೇಲೆ ಲೀಟರ್ 4.6, ಫ್ಯಾಟ್ 3.9, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.5 ಎಂದು ಮೂಡುತ್ತದೆ, ದರಪಟ್ಟಿಯಂತೆ ಹಣ ಲೆಕ್ಕವಾಗಿ ಅಂಗೈಯಗಲದ ಚೀಟಿ ಹೊರಬರುತ್ತದೆ. ಈ ಒಂದು ನಮೂದಿನ ಮೇಲೆ ಎಷ್ಟೆಲ್ಲ ನಿಂತಿದೆ ನೋಡಿ: ಆಕೆಗೆ ಬರುವ ಬಟವಾಡೆ, ಸಂಘವು ಹಾಲು ಒಕ್ಕೂಟಕ್ಕೆ ಕಳಿಸುವ ಹಾಲಿನ ಲೆಕ್ಕ, ಟ್ಯಾಂಕರ್‌ನ ಓಡಾಟ, ರಾಜ್ಯ ಸರ್ಕಾರ ಲೀಟರ್ ಲೆಕ್ಕದಲ್ಲಿ ಕೊಡುವ ಪ್ರೋತ್ಸಾಹಧನ. ಪರೀಕ್ಷಾ ಯಂತ್ರದ ಕೊಳವೆಯನ್ನು ಸರಿಯಾಗಿ ತೊಳೆಯದಿದ್ದರೆ ಇವೆಲ್ಲವೂ ಒಟ್ಟಿಗೆ ತಪ್ಪುತ್ತವೆ, ಮತ್ತು ಮೇಲಿನ ಯಾವ ಕಚೇರಿಯ ಯಾವ ಸಾಫ್ಟ್‌ವೇರಿಗೂ ಅದು ಗೊತ್ತಾಗುವುದಿಲ್ಲ. ಆದ್ದರಿಂದ ಕೊಳವೆ ತೊಳೆಯುವ ಕೈಯೂ ಮಾಹಿತಿ ವ್ಯವಸ್ಥೆಯ ಭಾಗವೆಂದೇ ನಾನು ಲೆಕ್ಕ ಹಾಕುತ್ತೇನೆ.

ದತ್ತಾಂಶ, ಮಾಹಿತಿ ಎರಡೂ ಒಂದೇ ಅಲ್ವಾ? ಪ್ರತಿ ಪರೀಕ್ಷೆಯಲ್ಲೂ ವ್ಯತ್ಯಾಸ ಬರೆಯಿರಿ ಅಂತ ಯಾಕೆ ಕೇಳ್ತಾರೆ?

ನಡೆದದ್ದನ್ನು ನಡೆದ ಹಾಗೆ ಗುರುತಿಸಿದ ಅಂಕಿ ಅಥವಾ ಅಕ್ಷರ ದತ್ತಾಂಶ. ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರವಾಗುವಂತೆ ಅದನ್ನು ವಿಂಗಡಿಸಿ, ಹೊಂದಿಸಿ, ಸಂದರ್ಭ ಕೊಟ್ಟಾಗ ಅದು ಮಾಹಿತಿ. ಈ ವ್ಯತ್ಯಾಸ ಬರೀ ಪರೀಕ್ಷೆಯ ಅಂಕಕ್ಕಾಗಿ ಇರುವುದಲ್ಲವೆಂದು ಕರ್ನಾಟಕದ ಸಣ್ಣ ವ್ಯಾಪಾರಿಗಳು 2025ರ ಜುಲೈ ತಿಂಗಳಲ್ಲಿ ಕಂಡುಕೊಂಡರು. ಯುಪಿಐ ಮೂಲಕ ಖಾತೆಗೆ ಬಂದ ಒಟ್ಟು ಹಣವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯಿಂದ ಅವರಲ್ಲಿ ಹಲವರಿಗೆ ನೋಟಿಸ್ ಬಂದವು. ಸರಕು ಮಾರುವವರು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರು 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ನಿಯಮ. ಆದರೆ ಖಾತೆಗೆ ಬಂದ ಮೊತ್ತ ಮಾತ್ರ ಕಣ್ಣ ಮುಂದಿದ್ದಾಗ, ಅದರಲ್ಲಿ ತೆರಿಗೆಯೇ ಇಲ್ಲದ ತರಕಾರಿ ಮತ್ತು ಹಾಲಿನದೆಷ್ಟು, ತೆರಿಗೆ ಬೀಳುವ ಸಿಗರೇಟಿನದೆಷ್ಟು, ಭಾವಮೈದುನ ತೀರಿಸಿದ ಕೈಸಾಲ ಎಷ್ಟು ಎಂಬುದು ಕಾಣುವುದಿಲ್ಲ. ಮೊತ್ತ ದತ್ತಾಂಶವಾಗಿತ್ತು, ತೆರಿಗೆಯ ಪ್ರಶ್ನೆಗೆ ಅದೊಂದೇ ಉತ್ತರವಾಗಿರಲಿಲ್ಲ. ಸರಕುವಾರು ಮಾರಾಟದ ದಾಖಲೆ ಇಟ್ಟುಕೊಂಡವರು ಅದನ್ನು ತೋರಿಸಿ ಉತ್ತರಿಸಬಹುದಾಗಿತ್ತು, ಇಲ್ಲದವರಿಗೆ ಬಾಯಿಮಾತೇ ಆಧಾರ.

ನಮ್ಮಜ್ಜ ಕಿರ್ದಿ, ಖತಾವಣಿ ಬರೆದೇ ನಲವತ್ತು ವರ್ಷ ಅಡತಿ ಅಂಗಡಿ ನಡೆಸಿದರು. ಅದಕ್ಕೂ ಮಾಹಿತಿ ವ್ಯವಸ್ಥೆ ಅನ್ನಬಹುದಾ?

ಖಂಡಿತ ಅನ್ನಬಹುದು, ಮತ್ತು ಅದು ಒಳ್ಳೆಯ ವ್ಯವಸ್ಥೆಯೇ ಆಗಿತ್ತು. ದಿನದ ವಹಿವಾಟನ್ನು ಅಂದೇ ಕಿರ್ದಿಯಲ್ಲಿ ಬರೆಯುವುದು, ಅಲ್ಲಿಂದ ಹೆಸರುವಾರು ಖತಾವಣಿಗೆ ಏರಿಸುವುದು, ಕೊನೆಗೆ ತಾಳೆಪಟ್ಟಿ ಹಾಕಿ ಎರಡೂ ಬದಿ ಸರಿಯಿದೆಯೇ ನೋಡುವುದು: ಇಂದಿನ ಲೆಕ್ಕದ ಸಾಫ್ಟ್‌ವೇರ್ ಒಳಗೆ ಮಾಡುವುದೂ ಇದನ್ನೇ. ಪ್ರತಿ ವಹಿವಾಟನ್ನು ಎರಡು ಖಾತೆಗಳಲ್ಲಿ ಎದುರುಬದುರಾಗಿ ಬರೆಯುವ ಜೋಡಿ ನಮೂದು ಪದ್ಧತಿಯನ್ನು ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ಮುದ್ರಿತ ಗ್ರಂಥದಲ್ಲಿ ವಿವರಿಸುವ ಹೊತ್ತಿಗೆ ವೆನಿಸ್‌ನ ವರ್ತಕರು ಅದನ್ನು ಬಹುಕಾಲದಿಂದ ಬಳಸುತ್ತಿದ್ದರು.

ಪುಸ್ತಕದ ಮಿತಿ ಬೇರೆ ಕಡೆ ಇದೆ. ಅದನ್ನು ಒಮ್ಮೆಗೆ ಒಬ್ಬರೇ ಓದಬಲ್ಲರು, ಬರೆದ ಕ್ರಮದಲ್ಲಿಯೇ ಓದಬೇಕು. ‘ಬಸಪ್ಪನ ಬಾಕಿ ಎಷ್ಟು’ ಎಂದರೆ ಖತಾವಣಿ ತಕ್ಷಣ ಹೇಳುತ್ತದೆ. ‘ಆರು ತಿಂಗಳಿಗಿಂತ ಹಳೆಯ ಬಾಕಿ ಇರುವವರು ಯಾರು, ಅವರಲ್ಲಿ ಈ ಸುಗ್ಗಿಯಲ್ಲೂ ಉದ್ರಿ ಒಯ್ದವರು ಯಾರು’ ಎಂದು ಕೇಳಿದರೆ ಅಜ್ಜ ರಾತ್ರಿಯೆಲ್ಲ ಪುಟ ತಿರುವಬೇಕು. ಕಂಪ್ಯೂಟರ್ ವ್ಯಾಪಾರಕ್ಕೆ ಬಂದದ್ದೂ ಇಂಥ ಒತ್ತಡದಿಂದಲೇ. ವ್ಯಾಪಾರದ ಕೆಲಸಕ್ಕೆ ಮೊಟ್ಟಮೊದಲು ಕಂಪ್ಯೂಟರ್ ಓಡಿಸಿದ್ದು ಬ್ರಿಟನ್ನಿನ ಜೆ. ಲಯನ್ಸ್ ಎಂಬ ಚಹಾ ಅಂಗಡಿಗಳ ಕಂಪನಿ. 1951ರಲ್ಲಿ ‘ಲಿಯೋ’ ಎಂಬ ತನ್ನದೇ ಯಂತ್ರದಲ್ಲಿ ಅದು ಬೇಕರಿ ತಿಂಡಿಗಳ ಲೆಕ್ಕ ಹಾಕಲು ಶುರುಮಾಡಿತು. ಬನ್ನು, ಕೇಕುಗಳ ಲೆಕ್ಕವೇ ಅಷ್ಟು ದೊಡ್ಡ ಯಂತ್ರವನ್ನು ಕಟ್ಟಿಸಿತೆಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

## ಅಂಗಡಿ ಮತ್ತು ಸಂಸ್ಥೆಗಳ ಪ್ರಶ್ನೆಗಳು

ಟಿಪಿಎಸ್, ಎಂಐಎಸ್, ಡಿಎಸ್‌ಎಸ್ ಅಂತ ಇಷ್ಟೊಂದು ಹೆಸರು ಬಾಯಿಪಾಠ ಮಾಡಬೇಕಾ? ಸುಲಭವಾಗಿ ನೆನಪಿಡೋದು ಹೇಗೆ?

ಯಾರು, ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ ಎಂದು ನೋಡಿದರೆ ಬಾಯಿಪಾಠ ಬೇಕಾಗುವುದಿಲ್ಲ. ಡೈರಿಯಲ್ಲಿ ಚೀಟಿ ಮುದ್ರಿಸುವುದು ವಹಿವಾಟು ಸಂಸ್ಕರಣಾ ವ್ಯವಸ್ಥೆ, ಅಂದರೆ ಟಿಪಿಎಸ್; ಅದರ ಪ್ರಶ್ನೆ ‘ಈಗ ಏನು ನಡೆಯಿತು’. ಯಾವ ಮಾರ್ಗದ ಹಾಲು ಕಳೆದ ವಾರಕ್ಕಿಂತ ಕಡಿಮೆಯಾಗಿದೆ, ಯಾವ ಸಂಘದ ಫ್ಯಾಟ್ ಏಕಾಏಕಿ ಇಳಿದಿದೆ ಎಂದು ಒಕ್ಕೂಟದ ಅಧಿಕಾರಿ ನೋಡುವ ವರದಿ ನಿರ್ವಹಣಾ ಮಾಹಿತಿ ವ್ಯವಸ್ಥೆ, ಅಂದರೆ ಎಂಐಎಸ್. ಮಳೆಗಾಲದಲ್ಲಿ ಹಾಲು ಉಕ್ಕಿದಾಗ ಎಷ್ಟನ್ನು ಪ್ಯಾಕೆಟ್ ಮಾಡಿ ಮಾರುವುದು, ಎಷ್ಟನ್ನು ಪುಡಿಗೆ ಕಳಿಸುವುದು, ಪುಡಿಯ ಬೆಲೆ ಇಳಿದರೆ ಏನಾದೀತು ಎಂದು ಬೇರೆ ಬೇರೆ ಲೆಕ್ಕ ಹಾಕಿ ನೋಡುವುದು ನಿರ್ಧಾರ ಬೆಂಬಲ ವ್ಯವಸ್ಥೆ, ಅಂದರೆ ಡಿಎಸ್‌ಎಸ್. ಕೆಳಗಿನ ಚೀಟಿ ಸುಳ್ಳಾದರೆ ಮೇಲಿನ ಎರಡೂ ಸುಳ್ಳಾಗುತ್ತವೆ ಎಂಬ ಒಂದು ವಾಕ್ಯವನ್ನು ಉತ್ತರಪತ್ರಿಕೆಯಲ್ಲಿ ತಪ್ಪದೆ ಬರೆಯಿರಿ.

ನಮ್ಮದು ಚಿಕ್ಕ ಕಿರಾಣಿ ಅಂಗಡಿ, ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಇದೆಲ್ಲ ನಮಗೆ ಬೇಕಾ?

ದುಬಾರಿಯದೇನೂ ಬೇಡ, ಆದರೆ ಮೂರು ಸಂಗತಿಗಳ ದಾಖಲೆ ಬೇಕೇ ಬೇಕು. ಯಾವ ಸರಕು ಎಷ್ಟಕ್ಕೆ ಬಂತು, ಎಷ್ಟು ಉಳಿದಿದೆ ಎಂಬುದು ಮೊದಲನೆಯದು. ಯಾರಿಗೆ ಎಷ್ಟು ಉದ್ರಿ ಹೋಗಿದೆ, ಎಂದಿನಿಂದ ಬಾಕಿ ಇದೆ ಎಂಬುದು ಎರಡನೆಯದು. ಯಾವ ಸರಕಿನ ಅವಧಿ ಮುಗಿಯುತ್ತ ಬಂದಿದೆ ಎಂಬುದು ಮೂರನೆಯದು. ಕಿರಾಣಿಯಲ್ಲಿ ಲಾಭದ ಅಂಚು ತೆಳುವಾದ್ದರಿಂದ ವಸೂಲಾಗದ ಒಂದು ಸಾವಿರ ರೂಪಾಯಿ ಉದ್ರಿಯನ್ನು ತುಂಬಿಕೊಳ್ಳಲು ಎಷ್ಟೋ ಸಾವಿರದ ಮಾರಾಟ ಬೇಕಾಗುತ್ತದೆ. ಲಾಭ ನೂರಕ್ಕೆ ಎಂಟಿದ್ದರೆ ಅದು ಹನ್ನೆರಡೂವರೆ ಸಾವಿರ. ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಿದವರು ಉದ್ರಿ ಪುಸ್ತಕವನ್ನು ಮರೆಯುವುದಿಲ್ಲ.

ಒಂದು ನೋಟ್‌ಬುಕ್ಕಿನಿಂದ ಶುರುಮಾಡಿ, ಅದು ರೂಢಿಯಾದ ಮೇಲೆ ಫೋನಿನ ಆ್ಯಪ್‌ಗೆ ಬನ್ನಿ. ದಿನಾ ಬರೆಯುವ ಅಭ್ಯಾಸ ಇಲ್ಲದವರು ಆ್ಯಪ್ ಹಾಕಿಕೊಂಡರೆ ಹದಿನೈದು ದಿನದಲ್ಲಿ ಬಿಟ್ಟುಬಿಡುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಅಂಗಡಿಗೆ ಬಂದ ಹಣವನ್ನು ಮನೆಯ ಹಣದಿಂದ ಬೇರೆ ಖಾತೆಯಲ್ಲಿ ಇಡುವುದನ್ನು ಮಾತ್ರ ಇವತ್ತೇ ಮಾಡಿ.

ಟ್ಯಾಲಿ ಇದೆಯಲ್ಲ, ಅದು ಸಾಲದಾ? ಇಆರ್‌ಪಿ ಅಂದರೆ ಏನು, ಯಾವಾಗ ಬೇಕು?

ಬೆಂಗಳೂರಿನಲ್ಲೇ 1986ರಲ್ಲಿ ಶುರುವಾದ ಕಂಪನಿಯ ಟ್ಯಾಲಿ ಮುಖ್ಯವಾಗಿ ಲೆಕ್ಕಪತ್ರದಿಂದ ಬೆಳೆದ ಸಾಫ್ಟ್‌ವೇರ್. ಇಂದು ದಾಸ್ತಾನು, ತೆರಿಗೆ, ಸಂಬಳಗಳನ್ನೂ ನೋಡಿಕೊಳ್ಳುತ್ತದೆ. ಒಂದೇ ಕಡೆ ಖರೀದಿಸಿ ಮಾರುವ ಹೆಚ್ಚಿನ ವ್ಯಾಪಾರಗಳಿಗೆ ಅದು ಸಾಕು. ಕಚ್ಚಾ ಸರಕು ತಂದು, ಹಲವು ಹಂತಗಳಲ್ಲಿ ಸಿದ್ಧವಸ್ತು ಮಾಡಿ, ನಾಲ್ಕು ಗೋದಾಮುಗಳಿಂದ ಕಳಿಸುವ ಕಾರ್ಖಾನೆಯ ಕಥೆ ಬೇರೆ. ಅಲ್ಲಿ ಖರೀದಿ ವಿಭಾಗ, ಉತ್ಪಾದನೆ, ಗೋದಾಮು, ಮಾರಾಟ, ಲೆಕ್ಕ ಇವರೆಲ್ಲ ತಂತಮ್ಮ ಪುಸ್ತಕ ಇಟ್ಟುಕೊಂಡರೆ ತಿಂಗಳ ಕೊನೆಗೆ ಐದು ಸತ್ಯಗಳು ಎದುರುಬದುರಾಗುತ್ತವೆ. ಎಲ್ಲರೂ ಒಂದೇ ದತ್ತಾಂಶದ ಮೇಲೆ ಕೆಲಸ ಮಾಡುವಂತೆ ಜೋಡಿಸಿದ ವ್ಯವಸ್ಥೆಯೇ ಇಆರ್‌ಪಿ, ಅಂದರೆ ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್. ಜರ್ಮನಿಯಲ್ಲಿ 1972ರಲ್ಲಿ ಐಬಿಎಂ ಬಿಟ್ಟುಬಂದ ಐವರು ಎಂಜಿನಿಯರುಗಳು ಕಟ್ಟಿದ ಎಸ್‌ಎಪಿ ಈ ಕ್ಷೇತ್ರದ ದೊಡ್ಡ ಹೆಸರು.

ಇದರ ಬುಡದಲ್ಲಿರುವ ತತ್ವ ಸರಳ: ಒಂದು ಸಂಗತಿಯನ್ನು ಒಂದೇ ಸಲ, ಅದು ನಡೆದ ಜಾಗದಲ್ಲಿ, ಅದನ್ನು ಕಣ್ಣಾರೆ ಕಂಡವರು ಬರೆಯಬೇಕು, ಉಳಿದವರು ಅದನ್ನೇ ನೋಡಬೇಕು. ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ದತ್ತಸಂಚಯದ (ದತ್ತಾಂಶವನ್ನು ಒಂದಕ್ಕೊಂದು ಕೊಂಡಿಯಿರುವ ಕೋಷ್ಟಕಗಳಲ್ಲಿ ಇಡುವ) ಮಾದರಿ ಈ ತತ್ವಕ್ಕೆ ಗಣಿತದ ನೆಲೆ ಕೊಟ್ಟಿತು. ಗ್ರಾಹಕರ ವಿಳಾಸ ಆರು ಕಡೆ ಬರೆದಿದ್ದರೆ ಅವರು ಮನೆ ಬದಲಾಯಿಸಿದಾಗ ಐದು ಕಡೆ ತಪ್ಪು ಉಳಿಯುತ್ತದೆ. ನಿಮ್ಮ ಸಂಸ್ಥೆಯಲ್ಲಿ ಒಂದೇ ಬಿಲ್ಲನ್ನು ಮೂರು ಜನ ಮೂರು ಕಡೆ ಟೈಪು ಮಾಡುತ್ತಿದ್ದರೆ ಇಆರ್‌ಪಿಯ ಬಗ್ಗೆ ಯೋಚಿಸುವ ಕಾಲ ಬಂದಿದೆ ಎಂದು ತಿಳಿಯಿರಿ.

ಕಂಪ್ಯೂಟರ್ ಬಂದರೆ ಅದೇ ಕೆಲಸ ಬೇಗ ಆಗುತ್ತೆ ಅಷ್ಟೇನಾ, ಅಥವಾ ವ್ಯಾಪಾರದ ರೀತಿಯೇ ಬದಲಾಗುತ್ತಾ?

ಎರಡೂ ಆಗುತ್ತವೆ, ಆದರೆ ಎರಡನೆಯದು ತಾನಾಗಿ ಆಗುವುದಿಲ್ಲ. ಯಾರಾದರೂ ನಿಯಮವನ್ನು ಬದಲಿಸಬೇಕು. ಕರ್ನಾಟಕದ ‘ಭೂಮಿ’ ಯೋಜನೆಯನ್ನೇ ತೆಗೆದುಕೊಳ್ಳಿ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದು ದೊಡ್ಡ ಕೆಲಸವೇ ಹೌದು. ಅದಕ್ಕಿಂತ ದೊಡ್ಡದು ಅದರ ಜೊತೆಗೆ ಬಂದ ಎರಡು ನಿಯಮಗಳು ಎಂದು ನನ್ನ ಅಭಿಪ್ರಾಯ. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದದ್ದು ಒಂದು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂದದ್ದು ಇನ್ನೊಂದು. ಹಳೆಯ ಪದ್ಧತಿಯನ್ನೇ ಉಳಿಸಿಕೊಂಡು ಮುದ್ರಣಯಂತ್ರ ಮಾತ್ರ ಇಟ್ಟಿದ್ದರೆ ರೈತನಿಗೆ ಅಂದವಾದ ಅಕ್ಷರದ ಪಹಣಿ ಸಿಗುತ್ತಿತ್ತು, ಸರದಿ ಸಿಗುತ್ತಿರಲಿಲ್ಲ.

ವ್ಯಾಪಾರದಲ್ಲಿ ಇದಕ್ಕೆ ಸಮನಾದ ಉದಾಹರಣೆ ಎಪಿಎಂಸಿಗಳ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆಗಳ, ಆನ್‌ಲೈನ್ ಟೆಂಡರ್. ಕರ್ನಾಟಕ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಕೇಂದ್ರದ ರಾಷ್ಟ್ರೀಯ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನ್ಯಾಮ್ ಬಂದದ್ದು 2016ರ ಏಪ್ರಿಲ್ ತಿಂಗಳಲ್ಲಿ. ಪ್ರಾಂಗಣಕ್ಕೆ ಬಂದ ಪ್ರತಿ ರಾಶಿಗೂ ಲಾಟ್ ಸಂಖ್ಯೆ ಬೀಳುತ್ತದೆ, ವರ್ತಕರು ರಾಶಿ ನೋಡಿಕೊಂಡು ಹೋಗಿ ತಮ್ಮ ಬೆಲೆಯನ್ನು ನಮೂದಿಸುತ್ತಾರೆ, ಪಕ್ಕದವನು ಎಷ್ಟು ಬರೆದನೆಂದು ಇವನಿಗೆ ಕಾಣುವುದಿಲ್ಲ, ಸಮಯ ಮುಗಿದ ಮೇಲೆ ಹೆಚ್ಚಿನ ಬೆಲೆ ಹೊರಬೀಳುತ್ತದೆ. ಒಪ್ಪದಿದ್ದರೆ ರೈತ ಮಾಲನ್ನು ಉಳಿಸಿಕೊಳ್ಳಬಹುದು. ಇಲ್ಲಿ ಬದಲಾದದ್ದು ವೇಗಕ್ಕಿಂತ ಹೆಚ್ಚಾಗಿ, ಯಾರಿಗೆ ಏನು ಯಾವಾಗ ತಿಳಿಯಬೇಕು ಎಂಬ ಏರ್ಪಾಡು. ಆದರೂ ದೂರದ ಊರಿನ ವರ್ತಕ ಮಾಲು ನೋಡದೆ ಬೆಲೆ ಕಟ್ಟಬೇಕಾದರೆ ತೇವಾಂಶ, ಗುಣಮಟ್ಟಗಳ ಪರೀಕ್ಷೆಯ ವರದಿ ನಂಬುವಂತಿರಬೇಕು. ಪ್ರಾಂಗಣದಲ್ಲಿ ಆ ಪರೀಕ್ಷೆ ನೆಟ್ಟಗೆ ನಡೆಯದಿದ್ದರೆ ದೇಶದ ಮಾರುಕಟ್ಟೆಗಳೆಲ್ಲ ಜೋಡಣೆಯಾದರೂ ಕೊಳ್ಳುವವರು ಆ ಊರಿನವರೇ ಆಗಿರುತ್ತಾರೆ.

## ಮುಂದುವರಿದ ಪ್ರಶ್ನೆಗಳು

ಲಕ್ಷಗಟ್ಟಲೆ ಸುರಿದು ಸಾಫ್ಟ್‌ವೇರ್ ಹಾಕಿಸಿದೆವು. ಈಗಲೂ ಎಲ್ಲರೂ ಎಕ್ಸೆಲ್, ನೋಟ್‌ಬುಕ್ಕಲ್ಲೇ ಬರೀತಾರೆ. ತಪ್ಪು ಎಲ್ಲಾಯ್ತು?

ನಾನು ಮೊದಲು ಕೇಳುವ ಪ್ರಶ್ನೆ: ಪರದೆಯ ವಿನ್ಯಾಸ ಮಾಡುವಾಗ ಗೋದಾಮಿನವರನ್ನು ಕೇಳಿದ್ದಿರಾ? ಒಂದು ಕಡೆ ನಾನೇ ಈ ತಪ್ಪು ಮಾಡಿದೆ. ಕೊಬ್ಬರಿ ಚೀಲಗಳ ಒಳಬರುವಿಕೆಗೆ ನಾವು ಮಾಡಿಸಿದ ಪರದೆಯಲ್ಲಿ ಹದಿನಾಲ್ಕು ಕಡೆ ತುಂಬಬೇಕಿತ್ತು. ಲಾರಿ ಬಂದು ನಿಂತಾಗ, ಹಮಾಲರು ಚೀಲ ಇಳಿಸುತ್ತಿರುವಾಗ, ಗೋದಾಮಿನವನಿಗೆ ಬರೆಯಲು ಸಿಗುತ್ತಿದ್ದದ್ದು ಗೋಡೆಯ ಮೇಲಿನ ಸೀಮೆಸುಣ್ಣದ ಐದೈದು ಗೀಟುಗಳಿಗಾಗುವಷ್ಟು ಸಮಯ. ಅವನು ಗೀಟು ಹಾಕಿಕೊಂಡು, ಸಂಜೆ ನೆನಪಿನಿಂದ ಹದಿನಾಲ್ಕನ್ನೂ ತುಂಬುತ್ತಿದ್ದ. ಮೂರು ತಿಂಗಳ ನಂತರ ದಾಸ್ತಾನು ಎಣಿಸಿದಾಗ ಪರದೆಗೂ ಗೋದಾಮಿಗೂ ತಾಳೆಯಾಗಲಿಲ್ಲ, ಗೋಡೆಯ ಗೀಟು ಮಾತ್ರ ತಾಳೆಯಾಯಿತು. ಆಮೇಲೆ ಪರದೆಯನ್ನು ಮೂರು ಜಾಗಕ್ಕೆ ಇಳಿಸಿದೆವು: ಲಾರಿ ಸಂಖ್ಯೆ, ಚೀಲ, ತೂಕ. ಉಳಿದದ್ದನ್ನು ಖರೀದಿ ಆದೇಶದಿಂದ ತಾನಾಗಿ ಬರುವಂತೆ ಮಾಡಿದೆವು. ಗೀಟು ನಿಂತಿತು.

ಎರಡನೆಯ ಕಾರಣ ಆತುರ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ ಸುಮಾರು 11 ಕೋಟಿ ಡಾಲರ್ ವೆಚ್ಚದ ವ್ಯವಸ್ಥೆಯನ್ನು ನಿಗದಿಗಿಂತ ಕಡಿಮೆ ಅವಧಿಗೆ ಒತ್ತಿ, 1999ರ ಜುಲೈ ತಿಂಗಳಲ್ಲಿ, ಹ್ಯಾಲೋವೀನ್ ಹಬ್ಬದ ಬೇಡಿಕೆ ಏರುವ ಹೊತ್ತಿಗೆ ಚಾಲೂ ಮಾಡಿತು. ಗೋದಾಮಿನಲ್ಲಿ ಮಾಲು ಇದ್ದರೂ ಸುಮಾರು 10 ಕೋಟಿ ಡಾಲರಿನಷ್ಟು ಬೇಡಿಕೆಯನ್ನು ಪೂರೈಸಲಾಗದೆ ಹೋಯಿತು. ಸೀರೆ ಅಂಗಡಿಯವರು ದೀಪಾವಳಿಯ ಹಿಂದಿನ ವಾರ, ಅಡಿಕೆ ವರ್ತಕರು ಕೊಯ್ಲಿನ ನಡುವೆ ಹೊಸ ಸಾಫ್ಟ್‌ವೇರಿಗೆ ಹೋಗಬಾರದು. ಬಿಡುವಿನ ತಿಂಗಳಲ್ಲಿ ಶುರುಮಾಡಿ, ಹಳೆಯದನ್ನೂ ಹೊಸದನ್ನೂ ಒಂದಷ್ಟು ಕಾಲ ಜೊತೆಯಲ್ಲಿ ನಡೆಸಿ.

ನಮ್ಮ ಲೆಕ್ಕ ಕರಾರುವಾಕ್ಕಾಗಿದೆ. ಆದರೂ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗಲಿಲ್ಲ. ಯಾಕೆ?

ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವುದೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ನಿಮ್ಮ ಮಾಹಿತಿ ವ್ಯವಸ್ಥೆ ಇಂದು ನಿಮ್ಮ ಅಂಗಡಿಯ ಗೋಡೆಗೆ ಮುಗಿಯುವುದಿಲ್ಲ. 2022ರ ಜನವರಿ 1ರಿಂದ, ಮಾಲು ಕೊಟ್ಟವರು ತಮ್ಮ ಮಾರಾಟದ ವಿವರದಲ್ಲಿ ನಿಮ್ಮ ಬಿಲ್ಲನ್ನು ತೋರಿಸಿ, ಅದು ಜಿಎಸ್‌ಟಿ ಪೋರ್ಟಲ್ ನಿಮಗೆ ತಯಾರಿಸಿ ಕೊಡುವ ಖರೀದಿ ಪಟ್ಟಿ ಜಿಎಸ್‌ಟಿಆರ್-2ಬಿಯಲ್ಲಿ ಕಂಡರೆ ಮಾತ್ರ ಕ್ರೆಡಿಟ್ ತೆಗೆದುಕೊಳ್ಳಲು ಬರುತ್ತದೆ. ಅವರು ನಿಮ್ಮ ಜಿಎಸ್‌ಟಿ ಸಂಖ್ಯೆಯ ಒಂದು ಅಂಕೆ ತಪ್ಪು ಬರೆದರೂ ಹಣ ಸಿಕ್ಕಿಬೀಳುವುದು ನಿಮ್ಮದು. ಪ್ರತಿ ತಿಂಗಳು ಖರೀದಿ ಪುಸ್ತಕವನ್ನು 2ಬಿಯೊಂದಿಗೆ ತಾಳೆ ನೋಡಿ, ಕಾಣದ ಬಿಲ್ಲುಗಳ ಪಟ್ಟಿಯನ್ನು ಮಾಲು ಕೊಟ್ಟವರಿಗೆ ಕಳಿಸಿ; ಅವರ ಬಾಕಿ ಹಣ ಕೊಡುವ ಮೊದಲು ಕಳಿಸುವುದು ಮೇಲು. ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಿದ ಬಿಲ್ಲು) ಕಡ್ಡಾಯವಾದ ಮೇಲೆ ಈ ತೊಂದರೆ ಅಷ್ಟರಮಟ್ಟಿಗೆ ಇಳಿದಿದೆ.

ಎಂಟ್ರಿ ತಪ್ಪಾದರೆ ಅಳಿಸಿ ಸರಿಮಾಡಬಹುದಾ?

ಅಳಿಸಬೇಡಿ, ತಪ್ಪನ್ನು ಹಾಗೆಯೇ ಇಟ್ಟು ಅದಕ್ಕೆದುರಾಗಿ ಸರಿಪಡಿಸುವ ನಮೂದು ಹಾಕಿ. ಹಳೆಯ ಗುಮಾಸ್ತರು ತಪ್ಪಿದ ಅಂಕೆಯ ಮೇಲೆ ಓದಲು ಬರುವಂತೆ ಗೀಟೆಳೆದು ಪಕ್ಕದಲ್ಲಿ ರುಜು ಹಾಕುತ್ತಿದ್ದದ್ದು ಇದೇ ವಿವೇಕದಿಂದ. ಕಂಪನಿ ಕಾಯಿದೆಯಡಿ ನೋಂದಾಯಿತ ಕಂಪನಿಗಳಿಗಂತೂ 2023ರ ಏಪ್ರಿಲ್ 1ರಿಂದ, ಪ್ರತಿ ಬದಲಾವಣೆಯ ಜಾಡನ್ನು ದಿನಾಂಕ ಸಮೇತ ಉಳಿಸುವ, ಆ ಜಾಡನ್ನು ನಿಲ್ಲಿಸಲು ಬಾರದ ಸಾಫ್ಟ್‌ವೇರನ್ನೇ ಬಳಸುವುದು ಕಡ್ಡಾಯ. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಉಳಿಸಿಕೊಳ್ಳಬೇಕು.

ಕ್ಲೌಡ್‌ಗೆ ಹಾಕಿದರೆ ನಮ್ಮ ಗುಟ್ಟೆಲ್ಲ ಬೇರೆಯವರ ಕೈಗೆ ಹೋದಂತಲ್ವಾ? ಅಂಗಡಿ ಕಂಪ್ಯೂಟರಲ್ಲೇ ಇದ್ದರೆ ಸುರಕ್ಷಿತ ಅಲ್ವಾ?

ಕ್ಲೌಡ್ ಅಂದರೆ ಇಂಟರ್ನೆಟ್ ಮೂಲಕ ಬಳಸುವ ಬೇರೆ ಕಂಪನಿಯ ಕಂಪ್ಯೂಟರುಗಳು. ಭಯ ನ್ಯಾಯವಾದದ್ದು, ಆದರೆ ಹೋಲಿಕೆ ಸರಿಯಾಗಿರಲಿ. ಅಂಗಡಿಯ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುತ್ತದೆ, ಅದು ಮಾನಿಟರಿನ ಅಂಚಿಗೆ ಅಂಟಿಸಿರುತ್ತದೆ, ಬ್ಯಾಕಪ್ ತೆಗೆದ ಪೆನ್‌ಡ್ರೈವ್ ಅದೇ ಮೇಜಿನ ಖಾನೆಯಲ್ಲಿರುತ್ತದೆ. ಬೆಂಕಿ, ಕಳವು, ಸಿಡಿಲು ಯಾವುದು ಬಂದರೂ ಎರಡೂ ಒಟ್ಟಿಗೆ ಹೋಗುತ್ತವೆ. ಎಲ್ಲಿಟ್ಟರೂ ಈ ಕೆಲವನ್ನು ಮಾಡಿ: ಒಬ್ಬೊಬ್ಬರಿಗೂ ಅವರವರ ಲಾಗಿನ್, ಬೇರೆ ಕಟ್ಟಡದಲ್ಲೊಂದು ಬ್ಯಾಕಪ್, ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ನಿಜಕ್ಕೂ ತೆರೆದು ನೋಡುವುದು, ಮತ್ತು ಬಿಲ್ ಮಾಡುವವರು ಹಾಗೂ ಹಣ ಪಾವತಿಗೆ ಒಪ್ಪಿಗೆ ಕೊಡುವವರು ಒಬ್ಬರೇ ಆಗದಂತೆ ನೋಡಿಕೊಳ್ಳುವುದು. ಕ್ಲೌಡ್ ಕಂಪನಿಯನ್ನು ಆರಿಸುವಾಗ ಬೆಲೆಗಿಂತ ಮೊದಲು, ‘ನಾಳೆ ನಾವು ಬಿಟ್ಟುಹೋದರೆ ನಮ್ಮ ದತ್ತಾಂಶವನ್ನು ಯಾವ ರೂಪದಲ್ಲಿ ಕೊಡುತ್ತೀರಿ’ ಎಂದು ಲಿಖಿತವಾಗಿ ಕೇಳಿ.

ಗ್ರಾಹಕರ ಹೆಸರು, ಫೋನ್ ಸಂಖ್ಯೆ ಇಟ್ಟುಕೊಂಡವರಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹೊಣೆ ಹೊರಿಸಿದೆ. ಅದರಲ್ಲಿ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿವರೆಗೆ ಇದೆ. ಬೇಡದ ವಿವರವನ್ನು ಕೇಳದಿರುವುದೇ ಅತ್ಯಂತ ಅಗ್ಗದ ರಕ್ಷಣೆ. ಒಂದು ಪ್ಯಾಕೆಟ್ ಬಿಸ್ಕೆಟ್ ಕೊಂಡವರ ಹುಟ್ಟಿದ ದಿನಾಂಕ ಅಂಗಡಿಗೆ ಯಾಕೆ?

ಎಐ ಬಂದ ಮೇಲೆ ಇದನ್ನೆಲ್ಲ ಕಲಿಯೋ ಅಗತ್ಯ ಇದೆಯಾ? ಅದೇ ಎಲ್ಲ ಹೇಳುತ್ತಲ್ಲ?

ಹಿಂದಿನ ಮಾರಾಟದಿಂದ ಮುಂದಿನ ಬೇಡಿಕೆಯನ್ನು ಅಂದಾಜಿಸುವ ಸಲಕರಣೆಗಳು ಈಗ ಸಣ್ಣ ವ್ಯಾಪಾರಕ್ಕೂ ಕೈಗೆಟಕುವಂತಿವೆ, ಅವುಗಳಿಂದ ಉಪಯೋಗವೂ ಇದೆ. ಆದರೆ ಅವು ದಾಖಲಾದದ್ದನ್ನು ಮಾತ್ರ ಬಲ್ಲವು. ಗೌರಿ ಹಬ್ಬದ ಹಿಂದಿನ ದಿನ ಮಧ್ಯಾಹ್ನ ಹನ್ನೆರಡಕ್ಕೇ ಅಚ್ಚುಬೆಲ್ಲ ಮುಗಿದುಹೋಯಿತೆಂದುಕೊಳ್ಳಿ. ಅಲ್ಲಿಂದ ರಾತ್ರಿ ಒಂಬತ್ತರವರೆಗೆ ದಾಖಲೆಯಲ್ಲಿ ಬೆಲ್ಲದ ಮಾರಾಟ ಸೊನ್ನೆ. ಆ ಸೊನ್ನೆ ಯಾರೂ ಕೇಳಲಿಲ್ಲವೆಂಬುದರ ಸೊನ್ನೆಯೋ, ಕೇಳಿದವರು ಬರಿಗೈಯಲ್ಲಿ ಹೋದರೆಂಬುದರ ಸೊನ್ನೆಯೋ ಎಂದು ಮಾರಾಟದ ಅಂಕಿ ಹೇಳುವುದಿಲ್ಲ. ಅದನ್ನಷ್ಟೇ ಕಲಿತ ಎಐ ಮುಂದಿನ ವರ್ಷವೂ ಅಷ್ಟೇ ಬೆಲ್ಲ ತರಿಸಲು ಹೇಳುತ್ತದೆ. ಎಷ್ಟು ಜನ ವಾಪಸು ಹೋದರೆಂಬುದು ಗಲ್ಲಾದಲ್ಲಿ ಕೂತವರಿಗೆ ಮಾತ್ರ ಗೊತ್ತು. ಅದಕ್ಕಾಗಿ ಬಿಲ್ಲಿನ ಯಂತ್ರದ ಪಕ್ಕದಲ್ಲಿ ‘ಕೇಳಿದರು, ಇರಲಿಲ್ಲ’ ಎಂದು ತಲೆಬರಹ ಹಾಕಿದ ಒಂದು ಪುಟ್ಟ ಪುಸ್ತಕ ಇಡಲು ನಾನು ಎಲ್ಲ ಅಂಗಡಿಗಳಿಗೂ ಹೇಳುತ್ತೇನೆ. ದಿನಾಂಕ, ಸರಕು, ಒಂದು ಗೀಟು, ಅಷ್ಟು ಬರೆದರೆ ಸಾಕು.